ವಾರದ ಕುರಿ

ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ಡು.
ಇನ್ನೂ ಕರೆಂಟು ಬಂದಿಲ್ಲ.
ಯಂತ್ರ ಕೂರುವ ಜಾಗವನ್ನು ನೆಲದ ಮೇಲೆ
ಸೀಮೆಸುಣ್ಣದಲ್ಲಿ ಬರೆದಿದ್ದಾನೆ ಅಮೀರ್ ಜಾನ್.
ಅದರೊಳಗೇ ನಾನು ಬರೆದೆ: ಎಪ್ಪತ್ನಾಲ್ಕು ಲಕ್ಷ.

ಮಾಡಹೊರಟದ್ದು ಗಾಲಿ.
ಆಸ್ಪತ್ರೆ ಮಂಚದ ಕಾಲಿಗೆ ಹಾಕುವ, ಬ್ರೇಕಿರುವ,
ಅಂಗೈಯಗಲದ ನೈಲಾನ್ ಗಾಲಿ.
ಮಂಚಕ್ಕೆ ನಾಲ್ಕು. ಒಂದು ಕಿರುಗುಟ್ಟಿದರೂ
ಇಡೀ ವಾರ್ಡಿಗೆ ನಿದ್ದೆಯಿಲ್ಲ.

ನಮ್ಮಿಬ್ಬರದು ಸೇರಿ ಹದಿನಾಲ್ಕು:
ನನ್ನ ಹನ್ನೊಂದು ವರ್ಷದ ಪಿ.ಎಫ್.,
ಅವನು ಸ್ಕೂಟರಿನಿಂದ ಹಿಡಿದು ಮಾರಿದ್ದೆಲ್ಲ.
ಮಿಕ್ಕಿದ್ದು ಸಾಲವೋ, ಪಾಲೋ?

ಬ್ಯಾಂಕಿನ ಮೇಡಂ ಕಾಫಿ ತರಿಸಿದರು.
"ಅರವತ್ತೂ ನಾವೇ ಕೊಡಬಹುದು ಮಂಗಳಗೌರಿ,
ಯರಗನಹಳ್ಳಿಯ ಮನೆಪತ್ರ ಇಟ್ಟರೆ.
ಕಂಪನಿ ಪೂರ್ತಿ ನಿಮ್ಮದೇ. ನಾವೇನು ಬಂದು ಕೂರುತ್ತೇವೆಯೆ?"
ನಿಜ. ಸಾಲ ಬಂದು ಕೂರುವುದಿಲ್ಲ.
ತಿಂಗಳ ಐದಕ್ಕೆ ಬರುತ್ತದೆ, ನಿಂತೇ ಇರುತ್ತದೆ,
ಗಾಲಿ ಓಡಿತೇ ಎಂದು ಕೇಳುವುದಿಲ್ಲ.

ಲೋಕನಾಥಸಾ ರೇಷ್ಮೆ ಮಗ್ಗ ನಡೆಸಿ ಮುಚ್ಚಿದವರು.
"ನಲವತ್ತು ನಾನು ಹಾಕ್ತೀನಿ. ಬಡ್ಡಿ ಬೇಡ, ಕಂತು ಬೇಡ.
ನೂರಕ್ಕೆ ನಲವತ್ತೈದು ಪಾಲು ಬರೆದುಕೊಡಿ."
ದನಿ ಮೆತ್ತಗಿತ್ತು. ಅವರು ಒರಗಿದ ರೀತಿ ಮಾತ್ರ
ಆಗಲೇ ನಮ್ಮ ಶೆಡ್ಡಿನ ಕುರ್ಚಿಗೆ ಒರಗಿದ ಹಾಗಿತ್ತು.

ಸಾಲ ತೀರುತ್ತದೆ. ಪಾಲು ತೀರುವುದಿಲ್ಲ.

ಅಂದು ರಾತ್ರಿ ಲೆಕ್ಕದ ಹಾಳೆ ಬದಿಗಿಟ್ಟು
ನೆನೆದದ್ದು ತಗಡೂರಿನ ಅಜ್ಜಿ ನಿಂಗಾಜಮ್ಮನನ್ನು.
ಯಾರದೋ ಕುರಿ ತಂದು ವಾರಕ್ಕೆ ಸಾಕುತ್ತಿದ್ದಳು.
(ವಾರವೆಂದರೆ ಸೋಮ, ಮಂಗಳವಲ್ಲ;
ಹುಟ್ಟಿದ ಮರಿಯಲ್ಲಿ ಸಮಪಾಲು.)
ಕುರಿ ಸತ್ತರೆ ಚರ್ಮ ಸುಲಿದು
ಒಡೆಯನ ಜಗಲಿಗೆ ಒಯ್ದು ತೋರಿಸಬೇಕು.
ತೋರಿಸಿದರೆ ಮುಗಿಯಿತು. ಕುರಿ ಹೋದದ್ದು ಅವನದು,
ಮೇಯಿಸಿದ ಕಾಲುನೋವು ಇವಳದು.
ಸಾಲ ತಂದು ಕೊಂಡ ಕುರಿಯಾದರೋ,
ಸಾಹುಕಾರ ಚರ್ಮ ಸವರಿ ನೋಡಿ ಅಂದನಂತೆ:
"ಒಳ್ಳೇ ಚರ್ಮ ಕಣಮ್ಮಿ. ದುಡ್ಡೆಲ್ಲಿ?"

ಬೆಳಗ್ಗೆ ಅಮೀರನಿಗೆ ಅಂದೆ:
ಖರ್ಚುಗಳನ್ನು ಒಂದೊಂದಾಗಿ ಕರೆದು ಕೇಳೋಣ,
ನೀನು ಸತ್ತರೆ ಏನುಳಿಯುತ್ತದೆ?
ಯಂತ್ರ, ಕಂಪ್ರೆಸರು, ನಲವತ್ನಾಲ್ಕು ಲಕ್ಷ, ಅಂದವು:
ನಾಳೆ ಮಾರಿದರೂ ಮುಕ್ಕಾಲು ದುಡ್ಡು ಹುಟ್ಟುತ್ತೇವೆ.
ಹನ್ನೆರಡರ ಅಚ್ಚು ಅಂದಿತು:
ಗುಜರಿಯವನ ಹೊರತು ನನ್ನನ್ನು ಕೇಳುವವರಾರು?
ಹದಿನೆಂಟು ಲಕ್ಷ ತಿನ್ನುವ ಮೊದಲ ತಿಂಗಳುಗಳು
ಏನೂ ಹೇಳಲಿಲ್ಲ.
ಬಿರುಕುಬಿಟ್ಟ ಗಾಲಿ, ವಾಪಸು ಬಂದ ಪೆಟ್ಟಿಗೆ,
ತೊಂಬತ್ತು ದಿನಕ್ಕೆ ಬಿಲ್ಲು ಚುಕ್ತಾ ಮಾಡುವ ಆಸ್ಪತ್ರೆ,
ಕೈ ಪಳಗುವ ತನಕದ ತಪ್ಪು,
ಇವನ್ನು ಅಡ ಇಟ್ಟುಕೊಳ್ಳುವ ಬ್ಯಾಂಕು
ಮೈಸೂರಿನಲ್ಲಿಲ್ಲ.
ಇವು ವಾರದ ಕುರಿಗಳು, ಅಂದೆ.
ಅಮೀರ್ ಸೀಮೆಸುಣ್ಣ ಎತ್ತಿಕೊಂಡ.

ಯಂತ್ರಗಳ ಮುಕ್ಕಾಲು, ಮೂವತ್ಮೂರು, ಬ್ಯಾಂಕಿನದು.
ಅಷ್ಟಕ್ಕಾದರೆ ಯಂತ್ರವೇ ಸಾಕೆಂದರು ಮೇಡಂ;
ಮನೆಪತ್ರ ಅಮ್ಮನ ಬೀರುವಿನಲ್ಲೇ ಉಳಿಯಿತು.
ನಮ್ಮ ಹದಿನಾಲ್ಕು. ಲೋಕನಾಥಸಾರಿಂದ ಇಪ್ಪತ್ತೇಳು,
ಎರಡು ಸಂಜೆಯ ಚೌಕಾಸಿಗೆ ಮೂವತ್ತೊಂದು ಪಾಲು.

ಸಹಿ ಹಾಕುತ್ತ ಅವರೇ ಹೇಳಿದರು:
"ನನ್ನ ಸೀರೆಗಳು ಚೆನ್ನಾಗೇ ಹೋಗ್ತಿದ್ದವು.
ಐದನೇ ತಾರೀಕು ಮೊದಲು ಬರ್ತಿತ್ತು, ದುಡ್ಡು ಆಮೇಲೆ.
ಅಷ್ಟೇ ಆದದ್ದು."
ಪೆನ್ನಿನ ಮುಚ್ಚಳ ಹುಡುಕಿದರು ಬಹಳ ಹೊತ್ತು.
ಅದು ಅವರ ಕೈಯಲ್ಲೇ ಇತ್ತು.

ಮೊದಲ ದಿನ ನಲವತ್ತು ಗಾಲಿ ತೆಗೆದೆವು.
ಒಂಬತ್ತು ನೆಟ್ಟಗಿದ್ದವು.
ಮಿಕ್ಕವು ಗುಳ್ಳೆ, ಡೊಂಕು; ನೀಲಿ ಡ್ರಮ್ಮಿಗೆ.
ಒಂದನ್ನು ನೆಲಕ್ಕೆ ಬಿಟ್ಟರೆ ಬಾಗಿಲ ಕಡೆಗೇ ಓಡಿತು.
ಮೇಸ್ತ್ರಿ ನೆಲವನ್ನು ಇಳಿಜಾರು ಹಾಕಿದ್ದು
ಅವತ್ತೇ ನಮಗೆ ಗೊತ್ತಾದದ್ದು.

ಸಂಜೆ ಲೋಕನಾಥಸಾ ಬಂದರು.
ಚರ್ಮ ತೋರಿಸುವವಳಂತೆ ಡ್ರಮ್ಮು ಬಗ್ಗಿಸಿದೆ.
ಬೈಯಲಿಲ್ಲ. ಒಂದು ಗಾಲಿ ಎತ್ತಿ,
ಗುಳ್ಳೆಯ ಕುಳಿಯಲ್ಲಿ ಹೆಬ್ಬೆರಳಿಟ್ಟು ತಿರುಗಿಸಿ ತಿರುಗಿಸಿ ನೋಡಿ
ಜೇಬಿಗೆ ಹಾಕಿಕೊಂಡು ಹೊರಟರು.

ಯಂತ್ರದಡಿಯ ಸೀಮೆಸುಣ್ಣದ ಎಪ್ಪತ್ನಾಲ್ಕು
ಎಣ್ಣೆ ಕುಡಿದು ಕಪ್ಪಾಗುತ್ತಿದೆ.
ಐದನೇ ತಾರೀಕಿಗೆ ಇನ್ನೂ ಹನ್ನೊಂದು ದಿನ.